ಒಂದು ಪುಟದ ದೃಶ್ಯಕ್ಕೆ ಆರು ಶಾಟ್: ಚೌಕಟ್ಟಿನಲ್ಲಿ ಕಥೆ ಹೇಳುವ ಬಗೆ

ಲಾಂಗ್ (ಇಡೀ ಆಳು), ಮಿಡ್ (ಸೊಂಟದಿಂದ ಮೇಲೆ), ಕ್ಲೋಸಪ್ (ಮುಖ) ಎಂಬ ಶಾಟುಗಳ ಹೆಸರುಗಳನ್ನು ಒಂದು ಮಧ್ಯಾಹ್ನದಲ್ಲಿ ಕಲಿತುಬಿಡಬಹುದು. ಆದರೆ ಶೂಟಿಂಗ್ ಜಾಗದಲ್ಲಿ ಎದುರಾಗುವ ಪ್ರಶ್ನೆ ಬೇರೆ. ಈ ಕ್ಷಣದಲ್ಲಿ ನೋಡುವವರಿಗೆ ಏನು ಗೊತ್ತಿರಬೇಕು? ಅದು ಪಾತ್ರಕ್ಕಿಂತ ಮೊದಲೇ ಗೊತ್ತಾಗಬೇಕೋ, ಜೊತೆಜೊತೆಗೋ, ಆಮೇಲೋ? ಇಷ್ಟು ತೀರ್ಮಾನವಾದರೆ ಲೆನ್ಸು, ದೂರ, ಎತ್ತರ ಎಲ್ಲವೂ ಅದರ ಹಿಂದೆಯೇ ಬರುತ್ತವೆ. ತೀರ್ಮಾನವಾಗದೆ ಕ್ಯಾಮೆರಾ ಇಟ್ಟರೆ ಹತ್ತು ಕೋನದಿಂದ ತೆಗೆದ ಫೂಟೇಜ್ ಸಿಗುತ್ತದೆ, ಎಡಿಟಿಂಗ್ ಟೇಬಲ್ಲಿನಲ್ಲಿ ದೃಶ್ಯ ಸಿಗುವುದಿಲ್ಲ.

ಇಲ್ಲಿ ಒಂದೇ ಒಂದು ದೃಶ್ಯ ಇಟ್ಟುಕೊಂಡು ಕೊನೆಯವರೆಗೂ ಹೋಗೋಣ. ಕಿರುಚಿತ್ರಕ್ಕೆ ಸಾಕಾಗುವಷ್ಟು ಸಣ್ಣದು, ಸುಮಾರು ಒಂದು ಪುಟ, ತೆರೆಯ ಮೇಲೆ ಒಂದು ನಿಮಿಷದ ಆಸುಪಾಸು.

ಹಳ್ಳಿಮನೆಯ ಜಗಲಿ, ಸಂಜೆ. ಅಪ್ಪ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದಾರೆ. ಪಕ್ಕದ ಸ್ಟೂಲಿನ ಮೇಲೆ ಕನ್ನಡಕದ ಡಬ್ಬಿ, ಅದರಡಿ ಮಡಚಿಟ್ಟ ಕಾಗದ. ಮಗಳು ಸುಮಾ ಒಳಗಿನಿಂದ ಕಾಫಿ ತರುತ್ತಾಳೆ. ಲೋಟ ಇಡಲು ಬಗ್ಗಿ ಡಬ್ಬಿ ಸರಿಸಿದಾಗ ಕಾಗದದ ಮೇಲ್ಭಾಗ ಕಾಣುತ್ತದೆ: ದಾನಪತ್ರ, ಕೆಳಗೆ ಅಣ್ಣನ ಹೆಸರು. ತೋಟ ಪೂರ್ತಿ ಅವನಿಗೆ ಹೋಗುತ್ತಿದೆ. ಬಗ್ಗಿದಲ್ಲಿಯೇ ಕೇಳುತ್ತಾಳೆ, "ಸಕ್ಕರೆ ಸಾಕಾ ಅಪ್ಪ?" ಪೇಪರಿನ ಹಿಂದಿನಿಂದ ಉತ್ತರ, "ಸಾಕಮ್ಮ." ಅವಳು ಒಳಗೆ ಹೋಗುತ್ತಾಳೆ.

ಮೊದಲು ಪೆನ್ನು, ಆಮೇಲೆ ಕ್ಯಾಮೆರಾ

ಸ್ಕ್ರಿಪ್ಟಿನ ಆ ಪುಟದಲ್ಲಿ ದೃಶ್ಯ ತಿರುಗುವ ಜಾಗಕ್ಕೆ ಗೆರೆ ಎಳೆಯಿರಿ, ಒಂದೇ ಒಂದು ಗೆರೆ. ಇಲ್ಲಿ ಅದು ಮಾತಿನ ಮೇಲೆ ಬೀಳುವುದಿಲ್ಲ, ಸುಮಾ ಕಾಗದ ಓದುವ ಎರಡು ಸೆಕೆಂಡಿನ ಮೇಲೆ ಬೀಳುತ್ತದೆ. ಇಡೀ ದೃಶ್ಯದ ಅತಿ ಹತ್ತಿರದ ಶಾಟ್ ಅಲ್ಲಿಗೇ ಮೀಸಲು. ಅದಕ್ಕಿಂತ ಮುಂಚೆ ಅವಳ ಮುಖವನ್ನು ಅಷ್ಟು ಹತ್ತಿರದಿಂದ ತೋರಿಸಿಬಿಟ್ಟರೆ ಆ ಎರಡು ಸೆಕೆಂಡಿನಲ್ಲಿ ಹೊಸದಾಗಿ ಕೊಡಲು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಹೊಸಬರ ಕಿರುಚಿತ್ರಗಳಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಇದೇ. ಮೊದಲ ಸಂಭಾಷಣೆಗೇ ಕ್ಲೋಸಪ್, ಎರಡನೆಯದಕ್ಕೂ ಕ್ಲೋಸಪ್. ತಿರುವು ಬಂದಾಗ ಹಿನ್ನೆಲೆ ಸಂಗೀತ ಏರಿಸದೆ ಬೇರೆ ದಾರಿ ಇರುವುದಿಲ್ಲ.

ಗೆರೆ ಎಳೆದ ಮೇಲೆ ಮುಂದಿನ ತೀರ್ಮಾನ ಕಾಗದದ್ದು. ಅದನ್ನು ಯಾವಾಗ ತೋರಿಸಬೇಕು? ಮೂರು ದಾರಿಗಳಿವೆ, ಮೂರೂ ಬೇರೆ ಬೇರೆ ಕಥೆ ಹೇಳುತ್ತವೆ.

ಸುಮಾ ಬರುವ ಮುಂಚೆಯೇ ಕಾಗದ ತೋರಿಸಿದರೆ, ಅಪ್ಪ ಅದನ್ನು ಮಡಚಿ ಡಬ್ಬಿಯಡಿ ಇಡುವುದನ್ನು ನಾವು ಕಾಣುತ್ತೇವೆ. ಆಮೇಲೆ ಅವಳು ಲೋಟ ಹಿಡಿದು ಹೊಸ್ತಿಲು ದಾಟುವ ಸಾದಾ ಶಾಟಿನಲ್ಲೂ ಬಿಗಿ ಇರುತ್ತದೆ: ನೋಡುತ್ತಾಳಾ, ಇಲ್ಲವಾ? ಈ ದಾರಿ ಹಿಡಿದರೆ ಅವಳ ನಡಿಗೆಯನ್ನು ಕತ್ತರಿಸದೆ ಉದ್ದಕ್ಕೆ ಬಿಡಬೇಕು.

ಅವಳ ಜೊತೆಗೇ ತೋರಿಸಿದರೆ ಅವಳ ಆಘಾತ ನಮ್ಮದೂ ಆಗುತ್ತದೆ. ಕೈ ಡಬ್ಬಿ ಸರಿಸುತ್ತದೆ, ಅಕ್ಷರ ಕಾಣುತ್ತದೆ, ಮುಖಕ್ಕೆ ಕಟ್. ಕ್ರಮ ಮುಖ್ಯ. ಕಾಗದ ಮೊದಲು, ಮುಖ ಆಮೇಲೆ ಬಂದರೆ ನಾವು ಅವಳ ಜೊತೆ ಓದುತ್ತೇವೆ. ಮುಖ ಮೊದಲು ಬಂದರೆ ಅವಳನ್ನು ಹೊರಗಿನಿಂದ ನೋಡುತ್ತೇವೆ, ಆಮೇಲೆ ಕಾರಣ ಸಿಗುತ್ತದೆ.

ಕಾಗದವನ್ನು ತೋರಿಸದೆಯೇ ಇದ್ದರೆ ಉಳಿಯುವುದು ಅವಳ ಮುಖ ಮತ್ತು ಸಕ್ಕರೆಯ ಮಾತು ಮಾತ್ರ. ಕುತೂಹಲ ಮುಂದಿನ ದೃಶ್ಯಕ್ಕೆ ದಾಟುತ್ತದೆ. ಮುಂದೆ ಎರಡು-ಮೂರು ದೃಶ್ಯದೊಳಗೆ ಉತ್ತರ ಇಲ್ಲದಿದ್ದರೆ ಈ ದಾರಿ ಬೇಡ, ನೋಡುವವರು ಕಾಗದವನ್ನೇ ಮರೆತಿರುತ್ತಾರೆ.

ನಾವು ಎರಡನೆಯದನ್ನು ಹಿಡಿಯೋಣ. ಈ ದೃಶ್ಯ ಸುಮಾಳದ್ದು. ಹಾಗಾಗಿ ಅಪ್ಪನ ಮುಖಕ್ಕೆ ಕ್ಲೋಸಪ್ ಇಲ್ಲ. "ಇರಲಿ, ಸೇಫ್ಟಿಗೆ ಒಂದು ತೆಗೆದಿಡೋಣ" ಎಂಬ ಮಾತು ಸೆಟ್ಟಿನಲ್ಲಿ ಬಂದೇ ಬರುತ್ತದೆ. ತೆಗೆದಿಟ್ಟರೆ ಎಡಿಟಿಂಗಿನಲ್ಲಿ ಯಾರಾದರೂ ಅದನ್ನು ಸೇರಿಸಿಯೇ ತೀರುತ್ತಾರೆ, ಅಪ್ಪನಿಗೆ ಗೊತ್ತಾಯಿತಾ ಎಂಬ ಅನುಮಾನ ಹುಟ್ಟುತ್ತದೆ, ಕಥೆ ಅತ್ತ ವಾಲುತ್ತದೆ. ಬೇಡದ ಶಾಟ್ ತೆಗೆಯದಿರುವುದೂ ನಿರ್ದೇಶನವೇ.

ದೂರದ ಲೆಕ್ಕ

ಜಾಗ ನೋಡಲು ಹೋಗುವಾಗ ಅಳತೆ ಟೇಪು ಮತ್ತು ಈ ಸೂತ್ರ ಜೊತೆಗಿರಲಿ: ಬೇಕಾದ ಚೌಕಟ್ಟಿನ ಎತ್ತರವನ್ನು ಲೆನ್ಸಿನ ಮಿ.ಮೀ.ಯಿಂದ ಗುಣಿಸಿ 20ರಿಂದ ಭಾಗಿಸಿದರೆ ಕ್ಯಾಮೆರಾ ಇಡಬೇಕಾದ ದೂರ ಸಿಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಚಿತ್ರ ಮೂಡುವ ಸೆನ್ಸರ್ 36 ಮಿ.ಮೀ. ಅಗಲ, ಅಗಲ-ಎತ್ತರದ ಅನುಪಾತ 16:9 ಆದಾಗ ಅದರ ಎತ್ತರ 20.25 ಮಿ.ಮೀ., ಆ 20 ಬಂದದ್ದು ಅಲ್ಲಿಂದ. ಸೆನ್ಸರ್ ಇನ್ನೂ ಸಣ್ಣದಾದ ಸೂಪರ್ 35 ಅಥವಾ ಎಪಿಎಸ್-ಸಿ ಕ್ಯಾಮೆರಾ ಆದರೆ 20ರ ಬದಲು 13ರಿಂದ 14.

ತಲೆಯಿಂದ ಭುಜದ ಕೆಳಗಿನವರೆಗಿನ ಕ್ಲೋಸಪ್ಪಿಗೆ ಸುಮಾರು 45 ಸೆಂ.ಮೀ. ಎತ್ತರದ ಚೌಕಟ್ಟು ಬೇಕು. 85 ಮಿ.ಮೀ. ಲೆನ್ಸಿನಲ್ಲಿ ಅದಕ್ಕೆ 190 ಸೆಂ.ಮೀ. ದೂರ, 50ರಲ್ಲಿ 112, 24ರಲ್ಲಿ 54. ಸೊಂಟದಿಂದ ಮೇಲಿನ ಮಿಡ್ ಶಾಟ್ ಎಂದರೆ 90 ಸೆಂ.ಮೀ., ಅದಕ್ಕೆ 50 ಮಿ.ಮೀ. ಲೆನ್ಸಿನಲ್ಲಿ 225. ಇಡೀ ಆಳು ಕಾಣಬೇಕಾದರೆ 2 ಮೀಟರ್ ಎತ್ತರ, 35 ಮಿ.ಮೀ. ಲೆನ್ಸಿನಲ್ಲಿ ಮೂರೂವರೆ ಮೀಟರ್ ಹಿಂದೆ ಸರಿಯಬೇಕು.

ಮೂರು ಲೆನ್ಸಿನಲ್ಲೂ ಕ್ಲೋಸಪ್ ಬರುತ್ತದಲ್ಲ, ಯಾವುದಾದರೇನು ಎನ್ನಬೇಡಿ. ಮುಖದ ಆಕಾರವನ್ನು ನಿರ್ಧರಿಸುವುದು ಲೆನ್ಸಲ್ಲ, ದೂರ. ಮೂಗಿನ ತುದಿಗೂ ಕಿವಿಗೂ ಸುಮಾರು 11 ಸೆಂ.ಮೀ. ಅಂತರ. ಕ್ಯಾಮೆರಾ 54 ಸೆಂ.ಮೀ. ದೂರದಲ್ಲಿದ್ದರೆ ಕಿವಿಗಳು ಮೂಗಿಗೆ ಹೋಲಿಸಿದರೆ ಆರನೇ ಒಂದು ಭಾಗ ಕುಗ್ಗಿ ಕಾಣುತ್ತವೆ. ಮೂಗು ಮುಂದಕ್ಕೆ ಬರುತ್ತದೆ, ಮುಖ ಉಬ್ಬುತ್ತದೆ. 190 ಸೆಂ.ಮೀ.ನಲ್ಲಿ ಆ ವ್ಯತ್ಯಾಸ ನೂರಕ್ಕೆ ಐದಾರು ಮಾತ್ರ. ಮೊಬೈಲಿನ ಮುಖ್ಯ ಕ್ಯಾಮೆರಾ ಹೆಚ್ಚುಕಡಿಮೆ 24ರಿಂದ 26 ಮಿ.ಮೀ.ಗೆ ಸಮ. ಅದನ್ನು ಮುಖದ ಹತ್ತಿರ ಒಯ್ದು ತೆಗೆದ ಕ್ಲೋಸಪ್ ಸೆಲ್ಫಿಯಂತೆ ಕಾಣುವುದು ಇದಕ್ಕೇ. ಹಿಂದೆ ಸರಿದು 2 ಪಟ್ಟು ಅಥವಾ ಟೆಲಿ ಲೆನ್ಸು ಬಳಸಿ. 4ಕೆಯಲ್ಲಿ ತೆಗೆದು ಕೊನೆಗೆ 1080ರಲ್ಲಿ ಕೊಡುವುದಾದರೆ ಎಡಿಟಿಂಗಿನಲ್ಲಿ ಎರಡು ಪಟ್ಟು ಹಿಗ್ಗಿಸಿದರೂ ಸ್ಪಷ್ಟತೆ ಉಳಿಯುತ್ತದೆ. ಪಾತ್ರ ಗೊಂದಲದಲ್ಲಿದೆ, ಲೋಕ ಮೈಮೇಲೆ ಬರುತ್ತಿದೆ ಎನ್ನಿಸಬೇಕಾದಾಗ ಇದೇ ಉಬ್ಬು ಕೆಲಸಕ್ಕೆ ಬರುತ್ತದೆ, ಆದರೆ ಆಗ ಅದು ನಿಮ್ಮ ಆಯ್ಕೆಯಾಗಿರಬೇಕು.

ಈಗ ಜಗಲಿಗೆ ಬನ್ನಿ. ಹಳೆಯ ಮನೆಗಳ ಜಗಲಿ ಆರೇಳು ಅಡಿ ಅಗಲ, ಅಂದರೆ ಸುಮಾರು 2 ಮೀಟರ್. ಗೋಡೆಗೆ ಒರಗಿದ ಕುರ್ಚಿಯನ್ನು ಎದುರಿನಿಂದ 85ರಲ್ಲಿ ಹಿಡಿಯಲು ಕ್ಯಾಮೆರಾ ಅಂಗಳಕ್ಕೆ ಇಳಿಯಬೇಕಾಗುತ್ತದೆ. ಅಂಗಳ ಎರಡಡಿ ಕೆಳಗೆ. ಹಾಗೆ ಇಳಿದ ಮರುಕ್ಷಣ ಎತ್ತರದ ತಾಪತ್ರಯ ಶುರು.

ಎತ್ತರ

ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 115 ಸೆಂ.ಮೀ., ನಿಂತವರದ್ದು 150ರ ಆಸುಪಾಸು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರದ್ದು 75. ಜಗಲಿಯ 60 ಸೆಂ.ಮೀ. ಸೇರಿಸಿದರೆ ಅಪ್ಪನ ಕಣ್ಣು ಅಂಗಳದಿಂದ 175ರಲ್ಲಿದೆ. ಟ್ರೈಪಾಡನ್ನು ರೂಢಿಯಂತೆ ಎದೆಮಟ್ಟಕ್ಕೆ ಇಟ್ಟರೆ ಅಪ್ಪನನ್ನು ಕೆಳಗಿನಿಂದ ನೋಡಿದಂತಾಗುತ್ತದೆ, ಮೂಗಿನ ಹೊಳ್ಳೆ ಮತ್ತು ಮಾಡಿನ ತೊಲೆ ಎದ್ದು ಕಾಣುತ್ತವೆ. ಊಟದ ದೃಶ್ಯಗಳಲ್ಲಿ ಇದೇ ತಪ್ಪು ತಿರುಗಿ ಬರುತ್ತದೆ. ಎಲೆಯ ಮುಂದೆ ನೆಲದಲ್ಲಿ ಕೂತ ಮನೆಮಂದಿಯನ್ನು ನಿಂತ ಟ್ರೈಪಾಡಿನಿಂದ ತೆಗೆದರೆ ನೆತ್ತಿಗಳೇ ಕಾಣುವುದು. ಕಾಲು ಪೂರ್ತಿ ಅಗಲಿಸಿ ಇಳಿಸಿ, ಅದೂ ಸಾಲದಿದ್ದರೆ ಅಕ್ಕಿಯ ಸಣ್ಣ ಚೀಲದ ಮೇಲೆ ಕ್ಯಾಮೆರಾ ಊರಿ. ಚಾಪೆಯ ಮೇಲೆ ಬದುಕುವ ಮನೆಗಳನ್ನು ತೋರಿಸಿದ ಜಪಾನಿನ ಯಾಸುಜಿರೊ ಓಝು ಕ್ಯಾಮೆರಾವನ್ನು ತೀರಾ ಕೆಳಗೆ ಇಟ್ಟು, ಬಹುಪಾಲು 50 ಮಿ.ಮೀ. ಲೆನ್ಸೊಂದರಲ್ಲೇ ಕೆಲಸ ಮಾಡಿದವರು.

ಮೇಲಿನಿಂದ ತೋರಿಸಿದರೆ ದುರ್ಬಲ, ಕೆಳಗಿನಿಂದ ತೋರಿಸಿದರೆ ಬಲಶಾಲಿ ಎಂಬ ಪಾಠ ಅರ್ಧ ಸತ್ಯ. ಒಂದೇ ದೃಶ್ಯದಲ್ಲಿ ಎತ್ತರ *ಬದಲಾದಾಗ* ಮಾತ್ರ ಅದು ಏನನ್ನಾದರೂ ಹೇಳುತ್ತದೆ. ಬದಲಾವಣೆ ಗಮನಕ್ಕೆ ಬರಲು ಸಾಕಷ್ಟು ಇಳಿಜಾರೂ ಬೇಕು. 2 ಮೀಟರ್ ದೂರದಿಂದ ಕಣ್ಣಿಗಿಂತ 30 ಸೆಂ.ಮೀ. ಮೇಲೆ ಇಟ್ಟರೆ 8-9 ಡಿಗ್ರಿ ಅಷ್ಟೆ, ಯಾರಿಗೂ ತಿಳಿಯುವುದಿಲ್ಲ. 70 ಸೆಂ.ಮೀ. ಏರಿಸಿದರೆ 20 ಡಿಗ್ರಿ ಸಮೀಪಿಸುತ್ತದೆ, ಆಗ ತಟ್ಟುತ್ತದೆ.

ಗೆರೆ ಮತ್ತು ಲುಕ್

ಅಂಗಳದಿಂದ ಮನೆ ನೋಡುತ್ತಾ ನಿಲ್ಲಿ. ಎಡಕ್ಕೆ ಅಪ್ಪನ ಕುರ್ಚಿ, ಬಾಗಿಲ ಕಡೆ ತುಸು ತಿರುಗಿದೆ. ಬಲಕ್ಕೆ ಬಾಗಿಲು. ನಡುವೆ ಸ್ಟೂಲು. ಅಪ್ಪನಿಂದ ಸುಮಾಳವರೆಗೆ ಎಳೆದ ಕಾಲ್ಪನಿಕ ಗೆರೆ ಗೋಡೆಗೆ ಸಮಾನಾಂತರ. ಕ್ಯಾಮೆರಾ ಅಂಗಳದ ಬದಿಯಲ್ಲೇ ಇರುವಷ್ಟು ಹೊತ್ತು ಅಪ್ಪನ ಲುಕ್, ಅಂದರೆ ನೋಟದ ದಿಕ್ಕು, ಬಲಕ್ಕೆ, ಸುಮಾಳದ್ದು ಎಡಕ್ಕೆ. ಬಿಡಿ ಬಿಡಿ ಶಾಟುಗಳಲ್ಲೂ ಇಬ್ಬರು ಎದುರುಬದುರಾಗಿದ್ದಾರೆ ಎಂದು ಅರ್ಥವಾಗುತ್ತದೆ. ಗೋಡೆಯ ಬದಿಗೆ ದಾಟಿದರೆ ಅಪ್ಪನ ಲುಕ್ ಎಡಕ್ಕೆ ತಿರುಗಿ, ಇಬ್ಬರೂ ಒಂದೇ ದಿಕ್ಕು ನೋಡುತ್ತಿರುವಂತೆ ಕಾಣುತ್ತದೆ.

ಸಜೆಶನ್ ಶಾಟ್, ಅಂದರೆ ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರನ್ನು ತೋರಿಸುವಾಗ ಯಾವ ಭುಜ ಎಂಬ ಗೊಂದಲ ಸೆಟ್ಟಿನಲ್ಲಿ ಹತ್ತು ನಿಮಿಷ ತಿನ್ನುತ್ತದೆ. ಉತ್ತರ ಸರಳ: ಅಂಗಳದ ಕಡೆಗಿರುವ ಭುಜ. ಇಲ್ಲಿ ಸುಮಾಳ ಎಡಭುಜ, ಅಪ್ಪನ ಬಲಭುಜ.

ಲುಕ್ ತಪ್ಪುವುದು ಹೆಚ್ಚಾಗಿ ಎತ್ತರದಲ್ಲಿ. ಸುಮಾ ನಿಂತಿದ್ದಾಳೆ, ಅಪ್ಪ ಕೂತಿದ್ದಾರೆ. ಸುಮಾಳ ಸರದಿ ಬಂದಾಗ ಅಪ್ಪನ ಪಾತ್ರಧಾರಿ ಎದ್ದು ಚಹಾಕ್ಕೆ ಹೋಗಿರುತ್ತಾರೆ, ಸಹಾಯಕ ನಿರ್ದೇಶಕ ನಿಂತು ಅಪ್ಪನ ಮಾತು ಹೇಳಿ ಕ್ಯೂ ಕೊಡುತ್ತಾನೆ, ಅವಳು ಅವನ ಕಣ್ಣು ನೋಡಿ ಮಾತಾಡುತ್ತಾಳೆ. ಎಡಿಟಿಂಗಿನಲ್ಲಿ ಆಕೆ ಅಪ್ಪನ ತಲೆಯ ಮೇಲಿನ ಗೋಡೆಯ ಜೊತೆ ಮಾತಾಡಿದಂತಿರುತ್ತದೆ. ಪಾತ್ರಧಾರಿಯನ್ನು ಕೂರಿಸಿಯೇ ಕ್ಯೂ ಕೊಡಿಸಿ. ಆಗದಿದ್ದರೆ ಸ್ಟ್ಯಾಂಡಿಗೆ 115 ಸೆಂ.ಮೀ. ಎತ್ತರದಲ್ಲಿ ಬಣ್ಣದ ಟೇಪು ಅಂಟಿಸಿ. ಶಾಟ್ ಹತ್ತಿರವಾದಷ್ಟೂ ಆ ಗುರುತು ಲೆನ್ಸಿಗೆ ಹತ್ತಿರ ಬರಲಿ. ಕ್ಲೋಸಪ್ಪಿಗೆ ಲೆನ್ಸಿನ ಅಂಚಿನಿಂದ ಒಂದು ಗೇಣು ಸಾಕು, ಎರಡೂ ಕಣ್ಣು ಕಾಣುತ್ತವೆ.

ಆರು ಶಾಟ್

1. ಮಾಸ್ಟರ್. ಅಂಗಳದಿಂದ ನಾಲ್ಕೂವರೆ ಮೀಟರ್, 35 ಮಿ.ಮೀ. ಸುಮಾ ಬಂದು ಹೋಗುವವರೆಗೆ ಇಡೀ ದೃಶ್ಯ. ಸೂರ್ಯ ಮುಳುಗುವ ಹೊತ್ತಿನ ಒಳ್ಳೆಯ ಬೆಳಕು ಮುಕ್ಕಾಲು ಗಂಟೆ ಸಿಕ್ಕರೆ ಹೆಚ್ಚು, ಹೊರಗಿನ ಆ ಬೆಳಕನ್ನೇ ನಂಬಿದ ಶಾಟುಗಳು ಇದು ಮತ್ತು ಆರನೆಯದು. ರಿಹರ್ಸಲ್ ಮುಗಿಸಿಟ್ಟುಕೊಂಡು ಇದನ್ನೇ ಮೊದಲು ತೆಗೆಯಿರಿ. ಹತ್ತಿರದ ಶಾಟುಗಳಿಗೆ ಆಮೇಲೆ ಲೈಟಿನಿಂದ ಅದೇ ಬೆಳಕು ಕಟ್ಟಬಹುದು.

2. ಅಪ್ಪನ ಮಿಡ್. 50 ಮಿ.ಮೀ., ಪೇಪರು ಮುಖದ ಕೆಳಭಾಗ ಮರೆಮಾಡುವಂತೆ. "ಸಾಕಮ್ಮ" ಎನ್ನುವಾಗಲೂ ಪೇಪರು ಇಳಿಯಬಾರದು.

3. ಅಪ್ಪನ ಬಲಭುಜದ ಹಿಂದಿನಿಂದ ಸುಮಾ. ಹೊಸ್ತಿಲು ದಾಟಿ ಬಂದು ಬಗ್ಗುವವರೆಗೆ. ಮುನ್ನೆಲೆಯಲ್ಲಿ ಅಪ್ಪನ ಭುಜ ಚೌಕಟ್ಟಿನ ಕಾಲುಭಾಗ ಮೀರದಿರಲಿ.

4. ಇನ್ಸರ್ಟ್, ಅಂದರೆ ವಸ್ತುವಿನ ಹತ್ತಿರದ ಶಾಟ್: ಕೈ, ಡಬ್ಬಿ, ಕಾಗದ. 25 ಸೆಂ.ಮೀ. ಎತ್ತರದ ಚೌಕಟ್ಟು, 50 ಮಿ.ಮೀ. ಲೆನ್ಸಿನಲ್ಲಿ 62 ಸೆಂ.ಮೀ. ದೂರ, ನಿಮ್ಮ ಲೆನ್ಸು ಅಷ್ಟು ಹತ್ತಿರ ಫೋಕಸ್ ಆಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಕೋನ ಸುಮಾಳ ಕಣ್ಣಿನ ದಿಕ್ಕಿನದ್ದೇ ಆಗಿರಲಿ, ಅಂದರೆ ಅಕ್ಷರ ಅವಳಿಗೆ ನೇರ, ನಮಗೂ ನೇರ. ಓದಬೇಕಾದ ಪದಗಳು ಎರಡು-ಮೂರು ಮಾತ್ರ, ಉಳಿದದ್ದು ಮಡಿಕೆಯಲ್ಲಿ ಮುಚ್ಚಿಹೋಗಲಿ. ಆ ಪದಗಳನ್ನು ಬಾಯಿಬಿಟ್ಟು ನಿಧಾನವಾಗಿ ಎರಡು ಸಲ ಓದಲು ಬೇಕಾಗುವಷ್ಟು ಹೊತ್ತು ಶಾಟ್ ನಿಲ್ಲಲಿ. ಸ್ಟೀಲ್ ಲೋಟದ ಬಗ್ಗೆ ಎಚ್ಚರ: ಕ್ಯಾಮೆರಾ, ಲೈಟು, ಹಿಂದೆ ನಿಂತ ನಾಲ್ವರು ಎಲ್ಲರೂ ಅದರ ಮೈಮೇಲೆ ಕಾಣುತ್ತಾರೆ. ಬಳಸಿ ಹೊಳಪು ಹೋದ ಹಳೇ ಲೋಟ ಹುಡುಕಿ.

5. ಸುಮಾಳ ಕ್ಲೋಸಪ್. 85 ಮಿ.ಮೀ., 190 ಸೆಂ.ಮೀ. ಇಲ್ಲಿ ಕ್ಯಾಮೆರಾ ಜಗಲಿಯ ಮೇಲೆಯೇ, ಅಪ್ಪನ ಕುರ್ಚಿಯ ಪಕ್ಕ ಅಂಗಳದ ಬದಿಗೆ.

6. ಮನೆಯ ಒಳಗಿನಿಂದ, ಬಾಗಿಲ ಚೌಕಟ್ಟಿನ ಮೂಲಕ ಜಗಲಿ. ಸುಮಾ ನಮ್ಮ ಕಡೆ ಬಂದು ಹಾದುಹೋಗುತ್ತಾಳೆ, ಅಪ್ಪ ಹಿಂದೆ ಉಳಿಯುತ್ತಾರೆ.

ಐದನೆಯದರ ಬಗ್ಗೆ ಇನ್ನಷ್ಟು ಹೇಳಬೇಕು. ಸುಮಾ ಓದುವುದು ಬಗ್ಗಿದ ಸ್ಥಿತಿಯಲ್ಲಿ, ಆಗ ಅವಳ ಕಣ್ಣು ಸುಮಾರು 110 ಸೆಂ.ಮೀ.ಗೆ ಇಳಿದಿರುತ್ತದೆ. ಕ್ಯಾಮೆರಾವನ್ನು ಅದೇ ಎತ್ತರಕ್ಕೆ ಇಟ್ಟು ಬೀಗ ಹಾಕಿಬಿಡಿ. ಅವಳು ಚೌಕಟ್ಟಿನೊಳಗೆ ಇಳಿದು ಬರಲಿ, ಎರಡು ಸೆಕೆಂಡು ನಿಲ್ಲಲಿ, ಅಲ್ಲೇ ಸಕ್ಕರೆಯ ಮಾತು ಕೇಳಲಿ, ಎದ್ದು ಚೌಕಟ್ಟಿನಿಂದ ಹೊರಗೆ ಹೋಗಲಿ. ಕ್ಯಾಮೆರಾ ಹಿಂಬಾಲಿಸುವುದು ಬೇಡ. ಒಂದು ಸೆಕೆಂಡು ಖಾಲಿ ಗೋಡೆ ಉಳಿಯುತ್ತದೆ, ಅದರ ಮೇಲೆ ಅಪ್ಪನ "ಸಾಕಮ್ಮ" ಕೇಳಿಸಿದರೆ ಮಾತು ಯಾರಿಗೂ ತಲುಪದೆ ಬಿದ್ದಂತಾಗುತ್ತದೆ.

ಲೆನ್ಸಿಗೆ ಬೆಳಕು ಬಿಡುವ ಕಿಂಡಿ, ಅಂದರೆ ಅಪರ್ಚರನ್ನು ಎಫ್ 1.8ಕ್ಕೆ ಅಗಲವಾಗಿ ತೆರೆಯುವ ಆಸೆ ಬರುತ್ತದೆ, ಹಿನ್ನೆಲೆ ಕರಗಿ ಚೆಂದ ಕಾಣುತ್ತದಲ್ಲ. ಫುಲ್ ಫ್ರೇಮಿನಲ್ಲಿ ಈ ದೂರಕ್ಕೆ ಫೋಕಸಿನ ಆಳ, ಅಂದರೆ ಸ್ಪಷ್ಟವಾಗಿ ಕಾಣುವ ಪಟ್ಟಿ, ಆಗ ಬರೀ 5 ಸೆಂ.ಮೀ. ಬಗ್ಗುವ ನಟಿ ಪ್ರತಿ ಟೇಕಿನಲ್ಲೂ ಅಷ್ಟು ನಿಖರವಾಗಿ ಒಂದೇ ಜಾಗಕ್ಕೆ ಬರುವುದಿಲ್ಲ, ರೆಪ್ಪೆಯ ಬದಲು ಕಿವಿ ಸ್ಪಷ್ಟವಾಗಿರುತ್ತದೆ. ಎಫ್ 4ರಲ್ಲಿ 12 ಸೆಂ.ಮೀ. ಸಿಗುತ್ತದೆ. ಅಷ್ಟಕ್ಕೇ ನಿಲ್ಲಿ.

ಆರನೆಯ ಶಾಟ್ ಗೆರೆ ದಾಟುತ್ತದೆ, ಗೊತ್ತಿದ್ದೇ. ಅಷ್ಟರಲ್ಲಿ ಸುಮಾ ಅಪ್ಪನಿಂದ ಕಣ್ಣು ಕಿತ್ತಿದ್ದಾಳೆ, ಇಬ್ಬರ ನಡುವಿನ ಗೆರೆಯೇ ಕಡಿದಿದೆ. ಈಗ ನಾವು ಅವಳ ಬದಿಗೆ, ಮನೆಯ ಕತ್ತಲೊಳಗೆ ಬಂದಿದ್ದೇವೆ. ಎಕ್ಸ್‌ಪೋಶರನ್ನು ಹೊರಗಿನ ಬೆಳಕಿಗೆ ಹೊಂದಿಸಿ: ಅಪ್ಪ ಸ್ಪಷ್ಟ, ಸುಮಾ ನೆರಳು. ಎರಡನ್ನೂ ಸರಿ ಮಾಡಲು ಒಳಗೆ ಲೈಟು ಹಾಕಿದರೆ ಬಾಗಿಲ ಚೌಕಟ್ಟು ಸಪ್ಪೆಯಾಗುತ್ತದೆ.

ಕಂಬ, ತಲೆ, ಅಂಚು

ಮಾಸ್ಟರಿನಲ್ಲಿ ಜಗಲಿಯ ಕಂಬ ಎಲ್ಲಿ ಬೀಳುತ್ತದೆ ನೋಡಿ. ಕ್ಯಾಮೆರಾ ಒಂದಡಿ ಆಚೀಚೆ ಸರಿದರೆ ಸಾಕು, ಅದು ಚೌಕಟ್ಟಿನ ತುದಿಗೂ ಹೋಗಬಹುದು, ಅಪ್ಪ-ಮಗಳ ನಡುವೆ ಬಂದು ಇಬ್ಬರನ್ನೂ ಬೇರೆ ಬೇರೆ ಕೋಣೆಗಳಿಗೆ ಹಂಚಲೂಬಹುದು. ನಮಗೆ ನಡುವೆಯೇ ಬೇಕು. ಸುಮಾ ಕಂಬದ ಹಿಂದಿನಿಂದ ದಾಟಿ ಅಪ್ಪನ ಭಾಗಕ್ಕೆ ಬರುತ್ತಾಳೆ, ಓದಿದ ಮೇಲೆ ತನ್ನ ಭಾಗಕ್ಕೆ ಮರಳುತ್ತಾಳೆ. ಎಚ್ಚರ ತಪ್ಪಿದರೆ ಅದೇ ಕಂಬ ಅಪ್ಪನ ತಲೆಯಿಂದ ಮೊಳೆತಂತೆ ಕಾಣುತ್ತದೆ.

ಅಗಲದ ಚೌಕಟ್ಟು ಇಂಥ ಅಂತರ ತೋರಿಸಲು ಹೇಳಿಮಾಡಿಸಿದ್ದು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರ 'ಕಾಗಜ್ ಕೆ ಫೂಲ್'. ಅದರ ಛಾಯಾಗ್ರಾಹಕರು ಮೈಸೂರಿನ ವಿ.ಕೆ. ಮೂರ್ತಿ. ಕತ್ತಲ ಸ್ಟುಡಿಯೋದೊಳಗೆ ಇಳಿಯುವ ಬೆಳಕಿನ ಕೋಲು, ಅದರ ಆಚೀಚೆ ದೂರ ದೂರ ನಿಂತ ಇಬ್ಬರು: ಆ ಕೋಲಿಗಾಗಿ ಅವರು ಕನ್ನಡಿಗಳಿಂದ ಬಿಸಿಲನ್ನು ಒಳಕ್ಕೆ ಹಾಯಿಸಿದ್ದರು. ನೀವು 2.39 ಅನುಪಾತ, ಅಂದರೆ ಎತ್ತರದ 2.39 ಪಟ್ಟು ಅಗಲ ಬಯಸಿದರೆ 1920×1080ರ ಚಿತ್ರದಲ್ಲಿ ಉಳಿಯುವುದು 803 ಸಾಲು, ಮೇಲೆ ಕೆಳಗೆ ತಲಾ 138 ಹೋಗುತ್ತವೆ. ಮಾನಿಟರಿನಲ್ಲಿ ಆ ಗೆರೆಗಳನ್ನು ಮೊದಲ ಶಾಟಿಗೇ ಹಾಕಿಟ್ಟುಕೊಳ್ಳಿ. ಎಡಿಟಿಂಗಿನಲ್ಲಿ ಕಪ್ಪು ಪಟ್ಟಿ ಅಂಟಿಸಿದರೆ ಕಾಗದದ ಮೇಲಿನ 'ದಾನಪತ್ರ'ವೇ ಪಟ್ಟಿಯಡಿ ಹೋಗಿರುತ್ತದೆ.

ಕಣ್ಣುಗಳು ಮೇಲಿನಿಂದ ಮೂರನೇ ಒಂದು ಭಾಗದಲ್ಲಿರಲಿ. ತೀರಾ ಹತ್ತಿರವಾದಾಗ ಹಣೆ ಕತ್ತರಿಸಬಹುದು, ಗದ್ದ ಬೇಡ. ಕುತ್ತಿಗೆ, ಮೊಣಕೈ, ಮೊಣಕಾಲು, ಹರಡಿನಲ್ಲಿ ಚೌಕಟ್ಟಿನ ಅಂಚು ಬೀಳದಂತೆ ನೋಡಿಕೊಳ್ಳಿ. ನೋಟದ ಮುಂದೆ ಜಾಗ ಬಿಡುವುದು ರೂಢಿ. ಸುಮಾಳ ಕ್ಲೋಸಪ್ಪಿನಲ್ಲಿ ಅದನ್ನು ಮುರಿದು ಎಡ ಅಂಚಿಗೆ ಅವಳನ್ನು ಒತ್ತಿದರೆ ಉಸಿರುಕಟ್ಟಿದಂತಾಗುತ್ತದೆ. ಮುರಿಯುವುದಾದರೆ ಆ ಒಂದು ಶಾಟಿನಲ್ಲಿ ಮಾತ್ರ.

ಶೂಟಿಂಗ್ ದಿನ, ಆಮೇಲಿನ ದಿನ

ಟ್ಯೂಬ್‌ಲೈಟ್ ಇರುವ ಕಡೆ ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ 1/50 ಸೆಕೆಂಡಿಗೆ ಇಡಿ, ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಮಿನುಗು ತಪ್ಪುತ್ತದೆ. ಪ್ರತಿ ಶಾಟಿನ ಮುಂದೆ ಹಿಂದೆ ಐದೈದು ಸೆಕೆಂಡು ಹೆಚ್ಚು ಓಡಿಸಿ. ಕಂಟಿನ್ಯೂಟಿ ಬರೆಯುವವರು ಯಾವ ಕೈ, ಯಾವ ಮಾತಿಗೆ ಎಂದು ಬರೆಯಲಿ: ಡಬ್ಬಿ ಸರಿಸಿದ್ದು ಎಡಗೈ, ಲೋಟ ಬಲಗೈ. ಮೂರನೆಯ ಶಾಟಿನಲ್ಲಿ ಒಂದು, ಇನ್ಸರ್ಟಿನಲ್ಲಿ ಇನ್ನೊಂದು ಆದರೆ ಮೂರರಿಂದ ನಾಲ್ಕಕ್ಕೆ ಕಟ್ ಕೂಡುವುದಿಲ್ಲ.

ಮೊದಲ ಜೋಡಣೆ ಆದ ಮೇಲೆ ಕಥೆ ಗೊತ್ತಿಲ್ಲದ ಒಬ್ಬರಿಗೆ ಶಬ್ದ ತೆಗೆದು ತೋರಿಸಿ. ಯಾರಿಗೆ ಏನು ಗೊತ್ತಾಯಿತು, ಯಾರಿಗೆ ಗೊತ್ತಾಗಲಿಲ್ಲ ಎಂದು ಕೇಳಿ. "ಅಪ್ಪನಿಗೆ ಸಿಟ್ಟು ಬಂತು" ಎಂದರೆ ಎರಡನೆಯ ಶಾಟ್ ಉದ್ದವಾಗಿದೆ, ಕತ್ತರಿಸಿ. "ಅವಳಿಗೆ ಏನೋ ಬೇಜಾರು, ಯಾಕೋ ಗೊತ್ತಿಲ್ಲ" ಎಂದರೆ ಇನ್ಸರ್ಟ್ ಓದಲಾಗುತ್ತಿಲ್ಲ. ಅದೊಂದನ್ನು ಮತ್ತೆ ತೆಗೆಯಲು ಜಗಲಿಯೂ ಬೇಡ, ನಟಿಯೂ ಬೇಡ. ಕಿಟಕಿಯ ಬೆಳಕು, ಅದೇ ಮೈಬಣ್ಣದ ಒಂದು ಕೈ ಸಾಕು. ಹಾಗಾಗಿ ಸ್ಟೂಲು, ಡಬ್ಬಿ, ಕಾಗದ, ಲೋಟ ಮತ್ತು ಸುಮಾಳ ಬಳೆಗಳನ್ನು ಎಡಿಟಿಂಗ್ ಮುಗಿಯುವವರೆಗೆ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿಡಿ, ಬಾಡಿಗೆಗೆ ತಂದಿದ್ದರೂ ವಾಪಸು ಕೊಡಬೇಡಿ.